ಹೆರಿಗೆಯಾದ ಮೇಲೆ ಓಟ ಬಿಡಬೇಕಾ?

ಪ್ರಶ್ನೆ: ನನಗೆ 33 ವರ್ಷ. ಮೊದಲು ಹಾಫ್ ಮ್ಯಾರಥಾನ್ ಓಡುತ್ತಿದ್ದೆ. ಮಗುವಿಗೆ ಈಗ ಏಳು ತಿಂಗಳು, ಎದೆಹಾಲು ಕುಡಿಸುತ್ತೇನೆ. ಮೂರು ಕಿ.ಮೀ. ಓಡುವಷ್ಟರಲ್ಲಿ ಮೂತ್ರ ಸೋರುತ್ತದೆ. ದಿನವಿಡೀ ಸುಸ್ತು. ಓಡಲು ಹೋದರೆ ಮಗುವನ್ನು ಬಿಟ್ಟುಬಂದೆ ಅನ್ನಿಸುತ್ತದೆ, ಹೋಗದಿದ್ದರೆ ನಾನು ನಾನೇ ಅಲ್ಲ ಅನ್ನಿಸುತ್ತದೆ. ಮನೆಯವರು ‘ಈಗೇನು ಅವಸರ’ ಅಂತಾರೆ. ಓಟ ಬಿಟ್ಟುಬಿಡಲಾ?

ಉತ್ತರ: ಖಂಡಿತ ಬಿಡಬೇಡಿ. ಆದರೆ ಮೂತ್ರ ಸೋರುವುದು ನಿಲ್ಲುವವರೆಗೆ ಓಟ ಪಕ್ಕಕ್ಕಿರಲಿ. ‘ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಎಂದು ಯಾರೋ ಹೇಳಿರುತ್ತಾರೆ, ಅಲ್ವಾ? ತುಂಬ ಜನರಿಗೆ ಆಗುತ್ತದೆ, ನಿಜ. ಹಾಗಂತ ಸಹಿಸಿಕೊಂಡು ಇರಬೇಕಾಗಿಲ್ಲ, ಇದಕ್ಕೆ ಚಿಕಿತ್ಸೆಯಿದೆ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳು ಬಸಿರು, ಹೆರಿಗೆಯಲ್ಲಿ ಎಳೆದು ಸಡಿಲವಾಗಿರುತ್ತವೆ. ಓಡುವಾಗ ಒಂದೊಂದು ಹೆಜ್ಜೆಗೂ ದೇಹದ ಮೇಲೆ ನಿಮ್ಮ ತೂಕದ ಎರಡು-ಮೂರು ಪಟ್ಟು ಹೊರೆ ಬೀಳುತ್ತದೆ. ಅದನ್ನು ತಡೆಯಲು ಅವಕ್ಕೆ ಇನ್ನೂ ಶಕ್ತಿ ಬಂದಿಲ್ಲ.

ಈ ಸ್ನಾಯುಗಳಿಗೆ ವ್ಯಾಯಾಮದ ಚಿಕಿತ್ಸೆ ಕೊಡುವ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಗ್ಯಾಸ್ ತಡೆಯುವಾಗ ಬಿಗಿಹಿಡಿಯುವಂತೆ ಸ್ನಾಯುವನ್ನು ಒಳಕ್ಕೆ, ಮೇಲಕ್ಕೆ ಎಳೆದು ಹತ್ತು ಸೆಕೆಂಡಿನವರೆಗೆ ಹಿಡಿದು, ಪೂರ್ತಿ ಸಡಿಲ ಬಿಡುವುದು ಅವರು ಕಲಿಸುವ ಮುಖ್ಯ ವ್ಯಾಯಾಮ. ಸುಮಾರು ಜನ ಉಸಿರು ಕಟ್ಟಿ ಪೃಷ್ಠವನ್ನಷ್ಟೇ ಬಿಗಿಯುತ್ತಾರೆ, ಅದರಿಂದ ಲಾಭವಿಲ್ಲ. ಕೆಲವರಿಗೆ ಈ ಸ್ನಾಯು ಅತಿಯಾಗಿ ಬಿಗಿದಿರುವುದೂ ಉಂಟು. ಅದಕ್ಕೇ ಪರೀಕ್ಷೆ ಮಾಡಿಸದೆ ಶುರುಮಾಡಬೇಡಿ. ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಆಮೇಲೆ ಸೋರದೆ, ನೋಯದೆ, ಕೆಳಗೆ ಭಾರವೆನಿಸದೆ ಅರ್ಧ ಗಂಟೆ ನಡೆಯಲು, ಒಂದೊಂದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಲು ಆದರೆ ಓಟ ಶುರುಮಾಡಿ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ.

ಸುಸ್ತಿಗೆ ನಿದ್ದೆಗೆಡುವುದೊಂದೇ ಕಾರಣ ಎಂದುಕೊಳ್ಳಬೇಡಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ), ಥೈರಾಯ್ಡ್ ಮೂರನ್ನೂ ಪರೀಕ್ಷೆ ಮಾಡಿಸಿ. ಹಾಲುಣಿಸುವುದಕ್ಕೇ ದಿನಕ್ಕೆ 400–500 ಕ್ಯಾಲೊರಿ ಜಾಸ್ತಿ ಬೇಕಾಗಬಹುದು, ಓಟದ್ದು ಅದರ ಮೇಲೆ. ದಯವಿಟ್ಟು ಈಗ ತೂಕ ಇಳಿಸಲು ಊಟ ಕಡಿಮೆ ಮಾಡಬೇಡಿ. ಮೂಳೆಗೂ ಜೋಪಾನ ಬೇಕು: ಹಾಲುಣಿಸುವಾಗ ಮೂಳೆಯ ಸಾಂದ್ರತೆ ಸ್ವಲ್ಪ ಇಳಿದಿರುತ್ತದೆ, ಹಾಲು ಬಿಡಿಸಿದ ಮೇಲೆ ಮತ್ತೆ ಏರುತ್ತದೆ. ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್ 2007ರ ಜನವರಿಯಲ್ಲಿ ಹೆತ್ತು ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ. ನಡುವೆ ಬೆನ್ನುಮೂಳೆಯ ಬುಡದಲ್ಲಿ ಬಿರುಕು ಬಿಟ್ಟು ಅವರು ಓಟ ನಿಲ್ಲಿಸಬೇಕಾಗಿ ಬಂದದ್ದನ್ನು ಹೇಳುವವರು ಕಡಿಮೆ. ಸೊಂಟ, ಮೊಣಕಾಲ ಕೆಳಗಿನ ಮೂಳೆ ಒಂದೇ ಜಾಗದಲ್ಲಿ ನೋಯುತ್ತಿದ್ದರೆ ಓಡಬೇಡಿ. ಹಿತಮಿತವಾಗಿ ಓಡಿದರೆ ಹಾಲೇನೂ ಕಡಿಮೆಯಾಗುವುದಿಲ್ಲ. ಹಾಲು ಕುಡಿಸಿ ಹೊರಟರೆ ನಿಮಗೂ ಹಗುರ.

ಇನ್ನು ‘ನಾನು ನಾನೇ ಅಲ್ಲ’ ಎಂಬ ಮಾತು. ಇದನ್ನು ನಾನು ಸುಸ್ತಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಓಡದ ಈ ತಿಂಗಳುಗಳಲ್ಲೂ ಓಟದ ಹೊತ್ತನ್ನು ಬಿಟ್ಟುಕೊಡಬೇಡಿ. ಅದೇ ಹೊತ್ತಿಗೆ ಶೂ ಕಟ್ಟಿ, ವ್ಯಾಯಾಮ ಮಾಡಿ, ಜೋರಾಗಿ ನಡೆಯಿರಿ. ಮಗು ಮಲಗಿದರೆ ನೋಡೋಣ ಅಂತ ಕಾದರೆ ಆ ಹೊತ್ತು ಬರುವುದೇ ಇಲ್ಲ. ‘ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ ಮಗುವಿನ ಪೂರ್ತಿ ಜವಾಬ್ದಾರಿ ನಿಮ್ಮದು’ ಎಂದು ಮನೆಯವರಿಗೆ ನೇರವಾಗಿ ಹೇಳಿ. ಅವಸರ ಇಲ್ಲ ಅನ್ನುವುದು ಅವರ ಕಾಳಜಿಯೇ ಇರಬಹುದು, ಆ ಕಾಳಜಿಗೆ ಇದೊಂದು ಕೆಲಸ ಕೊಡಿ. ಇಷ್ಟಾದರೂ ಎರಡು ವಾರಕ್ಕಿಂತ ಜಾಸ್ತಿ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ತಡಮಾಡದೆ ವೈದ್ಯರ ಹತ್ತಿರ ಮಾತಾಡಿ.