ಸೈಟ್‌ನವರ ಉತ್ತರಕ್ಕೆ ಕಾಯಬೇಡಿ, ಮೊದಲು ಬ್ಯಾಂಕಿಗೆ ಫೋನ್ ಮಾಡಿ

ಪೇಮೆಂಟ್ ಅಕೌಂಟ್ ಹ್ಯಾಕ್ ಮಾಡಿ ಯಾರೋ ಖರೀದಿ ಮಾಡಿದ್ದಾರೆ, ಸೈಟ್‌ನವರ ಉತ್ತರಕ್ಕೆ ಕಾಯಲಾ, ಪೊಲೀಸರ ಹತ್ತಿರ ಹೋಗಲಾ ಅಂತ ಕೇಳಿದ್ದೀರಿ. ಎರಡೂ ಆಮೇಲೆ. ಹೀಗೇ ಕಾದು ಕೂತು ಹತ್ತು ಸಾವಿರ ಕಳೆದುಕೊಂಡವಳು ನಾನು.

2022ರ ಮಾತು. ಶಿವಮೊಗ್ಗದ ಮನೆಯಿಂದಲೇ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದುಕೊಡುತ್ತೇನೆ. ಹೊರದೇಶದವರು ದುಡ್ಡು ಕಳಿಸೋಕೆ ಅಂತ ಒಂದು ಪೇಮೆಂಟ್ ಸೈಟ್‌ನಲ್ಲಿ ಅಕೌಂಟ್ ಮಾಡಿದ್ದೆ. ಫಾಂಟ್ ಗೀಂಟ್ ಕೊಳ್ಳೋಕೆ ಅನುಕೂಲ ಅಂತ ಕ್ರೆಡಿಟ್ ಕಾರ್ಡನ್ನೂ ಅದಕ್ಕೆ ಸೇರಿಸಿದ್ದೆ. ಪಾಸ್‌ವರ್ಡ್ ಹಳೇದು, ನಾಲ್ಕೈದು ಕಡೆ ಅದನ್ನೇ ಇಟ್ಟಿದ್ದೆ.

ಒಂದು ಗುರುವಾರ ರಾತ್ರಿ ಮಗಳಿಗೆ ಅನ್ನ ಕಲಸುತ್ತಿದ್ದೆ. ಮೆಸೇಜ್ ಬಂತು, ಕಾರ್ಡಿನಿಂದ 84 ರೂಪಾಯಿ ಹೋಗಿದೆ. ಯಾವುದೋ ಆ್ಯಪ್‌ದು ಇರಬೇಕು ಅಂದುಕೊಂಡೆ. ಕೈ ತೊಳೆದು ಬರೋಷ್ಟರಲ್ಲಿ ಇನ್ನೊಂದು: 26,350. ಗಿಫ್ಟ್ ಕಾರ್ಡ್ ಕೊಂಡಿದ್ದರು. ಓಟಿಪಿ ಬಂದೇ ಇರಲಿಲ್ಲ. ಓಟಿಪಿ ಇಲ್ಲದೆ ದುಡ್ಡು ಹೋಗಲ್ಲ ಅಂತ ನಂಬಿದ್ದೆ ನಾನು. ಹೊರದೇಶದ ಸೈಟುಗಳಲ್ಲಿ ಎಷ್ಟೋ ಸಲ ಹಾಗೇ ಹೋಗಿಬಿಡುತ್ತದೆ.

ನಾನು ಮಾಡಿದ ತಪ್ಪು ಇಲ್ಲೇ. ಪಾಸ್‌ವರ್ಡ್ ಬದಲಿಸಿದೆ, ಸೈಟ್‌ಗೆ ದೂರು ಬರೆದೆ. 'ಪರಿಶೀಲಿಸುತ್ತಿದ್ದೇವೆ' ಅಂತ ಉತ್ತರ ಬಂತು. ಸರಿ, ದೂರು ಕೊಟ್ಟಾಯ್ತಲ್ಲ ಅಂತ ಮನಸ್ಸು ಹಗುರ ಮಾಡಿಕೊಂಡೆ. ಆದರೆ ಸೈಟ್‌ಗೆ ಕೊಟ್ಟ ದೂರು ಬ್ಯಾಂಕಿಗೆ ಕೊಟ್ಟ ದೂರು ಅಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಲೆಕ್ಕ ಹಾಕೋದು ನೀವು ಬ್ಯಾಂಕಿಗೆ ತಿಳಿಸಿದ ದಿನವನ್ನು. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಆದ ಮೋಸವಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ತಲೆಗೆ ಒಂದು ಪೈಸೆಯೂ ಬರಲ್ಲ. ನಾಲ್ಕರಿಂದ ಏಳನೇ ಕೆಲಸದ ದಿನದೊಳಗೆ ಆದರೆ, ನನ್ನಂಥ ಸಣ್ಣ ಲಿಮಿಟ್ಟಿನ ಕಾರ್ಡಿಗೆ, ಒಂದು ವ್ಯವಹಾರಕ್ಕೆ 10,000ದವರೆಗೆ ನಾವೇ ಹೊರಬೇಕು. ಏಳು ದಿನ ದಾಟಿದರೆ ಆ ಬ್ಯಾಂಕಿನ ನಿಯಮ ಏನು ಹೇಳುತ್ತೋ ಅದು.

ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. ಶುಕ್ರವಾರ ಒಂದು. ಎರಡನೇ ಶನಿವಾರ, ಭಾನುವಾರ ರಜೆ. ಸೋಮವಾರ ಎರಡು, ಮಂಗಳವಾರ ಮೂರು. ನಾನು ಬ್ಯಾಂಕಿಗೆ ಹೋಗಿದ್ದು ಬುಧವಾರ ಬೆಳಿಗ್ಗೆ! ಕೌಂಟರ್‌ನಲ್ಲಿದ್ದ ಹುಡುಗಿ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿ, 'ಮೇಡಂ, ನಿನ್ನೆ ಬಂದಿದ್ರೆ ಪೂರ್ತಿ ಬರ್ತಿತ್ತು' ಅಂದಳು. 16,350 ವಾಪಸ್ ಬಂತು. ಹತ್ತು ಸಾವಿರವೂ ಆ 84 ರೂಪಾಯಿಯೂ ಹೋಯ್ತು. ಆ ಹತ್ತು ಸಾವಿರಕ್ಕೆ ನಾನು ಎರಡು ವಾರ ಕೂತು ಚಿತ್ರ ಬರೆದಿದ್ದೆ.

ಅದಕ್ಕೇ ಹೇಳೋದು, ಈಗಲೇ ಕಾರ್ಡಿನ ಹಿಂದೆ ಇರುವ ನಂಬರಿಗೆ ಫೋನ್ ಮಾಡಿ. ಕಾರ್ಡ್ ಬ್ಲಾಕ್ ಮಾಡಿಸಿ, 'ಈ ಖರೀದಿ ನನ್ನದಲ್ಲ' ಅಂತ ಬಾಯಿಬಿಟ್ಟು ಹೇಳಿ, ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ಮೋಸದ ದೂರು ತಗೊಳ್ಳೋ ಸರ್ಕಾರದ ಸಹಾಯವಾಣಿ. ಸೈಟ್‌ನವರಿಗೆ ಕೊನೆಯಲ್ಲಿ ಬರೆದರೂ ನಡೆಯುತ್ತದೆ. ತಪ್ಪು ನಿಮ್ಮದು ಅಂತ ಬ್ಯಾಂಕಿನವರು ಹೇಳಿದರೆ ಹೆದರಬೇಡಿ, ಅದನ್ನು ಸಾಬೀತು ಮಾಡಬೇಕಾದವರು ಅವರೇ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು, ಅದಕ್ಕೆ ಫೀಸ್ ಇಲ್ಲ.

ನೀವೇ ಯಾರಿಗೋ ಓಟಿಪಿ ಹೇಳಿದ್ದರೂ ಮುಚ್ಚಿಟ್ಟು ಸುಮ್ನೆ ಕೂರಬೇಡಿ. ಬ್ಯಾಂಕಿಗೆ ತಿಳಿಸುವ ತನಕ ಹೋದ ದುಡ್ಡು ನಿಮ್ಮದು, ತಿಳಿಸಿದ ಮೇಲೆ ಹೋದದ್ದು ಅವರದು.

ಮೆಸೇಜ್ ಯಾವತ್ತು ಬಂತು ಅಂತ ನೀವು ಬರೆದಿಲ್ಲ. ನಿನ್ನೆ ಮೊನ್ನೆಯದಾದರೆ ಇನ್ನೂ ಟೈಮಿದೆ. ಇದನ್ನು ಇಲ್ಲಿಗೇ ಬಿಟ್ಟು ಮೊದಲು ಫೋನ್ ಮಾಡಿ ಬನ್ನಿ.