ಓದುಗರ ಪ್ರಶ್ನೆ: ಉಬ್ಬುಗನ್ನಡಿಯಲ್ಲಿ ಕಂಡ ಪಾರ್ಮಿಜಾನಿನೊ

ಪ್ರಶ್ನೆ: ಇಟಲಿಯ ಪಾರ್ಮಿಜಾನಿನೊ ಬರೆದುಕೊಂಡ ತನ್ನದೇ ಭಾವಚಿತ್ರವನ್ನು ಪುಸ್ತಕದಲ್ಲಿ ನೋಡಿದೆ. ಕೈ ಮುಖಕ್ಕಿಂತ ದೊಡ್ಡದಾಗಿದೆ, ಕೋಣೆ ಬಾಗಿದೆ. ಬೇಕೆಂದೇ ಹಾಗೆ ತಿರುಚಿದನೇ?

ಉತ್ತರ: ಇಲ್ಲ. ಕನ್ನಡಿ ತೋರಿಸಿದ್ದನ್ನೇ ಬರೆದಿದ್ದಾನೆ. ಸುಮಾರು 1524ರ ಈ ಚಿತ್ರಕ್ಕಾಗಿ ಅವನು ನೋಡಿಕೊಂಡದ್ದು ಕ್ಷೌರಿಕರು ಬಳಸುತ್ತಿದ್ದಂಥ ಉಬ್ಬುಗನ್ನಡಿಯಲ್ಲಿ. ಶಾಲೆಯಲ್ಲಿ ಕಲಿತ ಪೀನ ದರ್ಪಣದ ಲೆಕ್ಕ ಹಾಕಿ ನೋಡಿ. ತ್ರಿಜ್ಯ 20 ಸೆಂ.ಮೀ. ಇದ್ದರೆ ಸಂಗಮದೂರ 10 ಸೆಂ.ಮೀ. ಆಗ 40 ಸೆಂ.ಮೀ. ದೂರದ ಮುಖ ಐದನೇ ಒಂದಕ್ಕೆ ಕುಗ್ಗುತ್ತದೆ, 10 ಸೆಂ.ಮೀ. ದೂರದ ಕೈ ಅರ್ಧಕ್ಕಷ್ಟೇ ಕುಗ್ಗುತ್ತದೆ. ಹೀಗಾಗಿ ಮುಖದ ಪಕ್ಕದಲ್ಲಿ ಕೈ ಎರಡೂವರೆ ಪಟ್ಟಿಗೂ ಹೆಚ್ಚು ಹಿಗ್ಗಿದಂತೆ ಕಾಣುತ್ತದೆ. ಇದೇ ದೂರಗಳಲ್ಲಿ ಚಪ್ಪಟೆ ಕನ್ನಡಿಯಾದರೆ ಹಿಗ್ಗುವುದು ಸುಮಾರು 1.6 ಪಟ್ಟು ಮಾತ್ರ. ಮುಖ ನಡುವೆ ಇರುವುದರಿಂದ ಕೆಟ್ಟಿಲ್ಲ. ಅಂಚಿಗೆ ಹೋದಷ್ಟೂ ಚಾವಣಿ, ಕಿಟಕಿಗಳ ಗೆರೆಗಳು ಬಿಲ್ಲಾಗುತ್ತವೆ. ಕಂಡದ್ದನ್ನು ಕಂಡಂತೆಯೇ ಬರೆದಿದ್ದರೆ, ಬಲಗೈ ಎನಿಸುವುದು ನಿಜದಲ್ಲಿ ಅವನ ಎಡಗೈ.

ಪುಸ್ತಕದ ಪ್ರತಿಯಲ್ಲಿ ಮುಖ್ಯ ಸಂಗತಿಯೇ ತಪ್ಪಿಹೋಗುತ್ತದೆ. ಅವನು ಮರ ಕಡೆಯುವವನಿಂದ ಚೆಂಡೊಂದನ್ನು ಮಾಡಿಸಿ, ಸೀಳಿಸಿ, ಆ ಉಬ್ಬಿನ ಮೇಲೆಯೇ ಎಣ್ಣೆಬಣ್ಣದಲ್ಲಿ ಬರೆದ. ಪಾಪ್ಲರ್ ಮರದ ಈ ಹಲಗೆಯ ವ್ಯಾಸ ಬರೀ 24.4 ಸೆಂ.ಮೀ. ಚಪ್ಪಟೆ ಕಾಗದದಲ್ಲಿ ಅದು ವಿಚಿತ್ರ ಚಿತ್ರವಾಗಿ ಉಳಿಯುತ್ತದೆ. ಎದುರು ನಿಂತವರಿಗೆ ಅದು ಕನ್ನಡಿಯೇ. ಈ ಧೈರ್ಯಕ್ಕೆ ಸಾಟಿಯಾದದ್ದು ಆ ಕಾಲದಲ್ಲಿ ಹೆಚ್ಚಿಲ್ಲ.

ಪ್ರಶ್ನೆ: ಯಾರಿಗಾಗಿ ಬರೆದ? ಈಗ ಎಲ್ಲಿದೆ?

ಉತ್ತರ: ಕೆಲಸ ಗಿಟ್ಟಿಸಲು. 1503ರಲ್ಲಿ ಹುಟ್ಟಿದ ಅವನು ಇಪ್ಪತ್ತೊಂದರ ಹೊತ್ತಿಗೆ ರೋಮ್‌ಗೆ ಹೋಗಿ ಇದನ್ನು ಪೋಪ್ ಏಳನೇ ಕ್ಲೆಮೆಂಟ್‌ಗೆ ಒಪ್ಪಿಸಿದ. ಪೋಪ್ ಬೆರಗಾದರೂ ವ್ಯಾಟಿಕನ್‌ನ ದೊಡ್ಡ ಕೆಲಸ ಕೈಗೂಡಲಿಲ್ಲ. 1527ರಲ್ಲಿ ರೋಮ್ ಸೂರೆಯಾದಾಗ ಅವನು ಬೊಲೊನ್ಯಾಕ್ಕೆ ಹೊರಟುಹೋದ. ಚಿತ್ರವನ್ನು ಲೇಖಕ ಪಿಯೆತ್ರೊ ಅರೆತಿನೊಗೆ ಪೋಪ್ ಕೊಟ್ಟ. ಅರೆತ್ಸೊದಲ್ಲಿ ಅವನ ಮನೆಯಲ್ಲಿ ಅದನ್ನು ಹುಡುಗನಾಗಿದ್ದಾಗ ಕಂಡ ಚಿತ್ರಕಾರ ವಸಾರಿ ಮುಂದೆ ಕಲಾವಿದರ ಚರಿತ್ರೆಯಲ್ಲಿ ಈ ಕಥೆ ಬರೆದಿಟ್ಟ. ಕ್ಷೌರಿಕರ ಕನ್ನಡಿ, ಮರದ ಚೆಂಡು ನಮಗೆ ಗೊತ್ತಾದದ್ದು ಅವನಿಂದಲೇ. ಆಮೇಲೆ ಚಿತ್ರ ಸೇರಿದ್ದು ಸ್ಫಟಿಕ ಕೆತ್ತುವ ವಾಲೆರಿಯೊ ಬೆಲ್ಲಿಗೆ, ಬಳಿಕ ಅವನ ಮಗನಿಗೆ, ವಾಸ್ತುಶಿಲ್ಪಿ ಪಲ್ಲಾಡಿಯೊನ ಮಧ್ಯಸ್ಥಿಕೆಯಲ್ಲಿ 1560ರಲ್ಲಿ ವೆನಿಸ್‌ನ ಶಿಲ್ಪಿ ಅಲೆಸ್ಸಾಂಡ್ರೊ ವಿಟ್ಟೋರಿಯಾಗೆ. 1608ರಲ್ಲಿ ತೀರಿಕೊಂಡ ವಿಟ್ಟೋರಿಯಾ ಅದನ್ನು ಚಕ್ರವರ್ತಿ ಎರಡನೇ ರುಡಾಲ್ಫ್‌ಗೆ ಬಿಟ್ಟುಹೋದ. ಈಗ ಅದು ವಿಯೆನ್ನಾದ ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂನಲ್ಲಿದೆ.

ಪ್ರಶ್ನೆ: ಕಲಾಶಾಲೆಯ ವಿದ್ಯಾರ್ಥಿನಿ ನಾನು. ಬೈಕ್ ಕನ್ನಡಿ ಇಟ್ಟುಕೊಂಡು ಹೀಗೆ ಬರೆಯಲು ಹೋದೆ, ಸಾಮಾನ್ಯ ಮುಖವೇ ಬಂತು. ಏನು ತಪ್ಪಾಯಿತು?

ಉತ್ತರ: ಬೈಕ್ ಕನ್ನಡಿಯ ಉಬ್ಬು ತೀರಾ ಕಡಿಮೆ. ಪಾರ್ಕಿಂಗ್ ತಿರುವುಗಳಲ್ಲಿ ಹಾಕುವ ದುಂಡು ಕನ್ನಡಿ ತನ್ನಿ, 30 ಸೆಂ.ಮೀ.ನದು ಸಾಕು. ಅದರ ನಡುಭಾಗ ನಿಮ್ಮ ಕಣ್ಣಿನ ಮಟ್ಟಕ್ಕೆ, ನೇರ ಎದುರಿಗೆ ಬರಬೇಕು. ಮೇಲೆ ಕೆಳಗೆ ಆದರೆ ಮುಖ ನಡುವಿನಿಂದ ಜಾರಿ ಅಂಚಿನ ಕಡೆಗೆ ಎಳೆದುಕೊಳ್ಳುತ್ತದೆ. ಕೈಯನ್ನು ಕನ್ನಡಿಯ ಬಳಿಯ ಮೇಜಿನ ಮೇಲೆ ಊರಿಕೊಳ್ಳಿ; ಗಾಳಿಯಲ್ಲಿ ಹಿಡಿದರೆ ಹತ್ತು ನಿಮಿಷದಲ್ಲಿ ಜೋಲುತ್ತದೆ. ಕುರ್ಚಿಯ ಕಾಲಿನ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಕಣ್ಣು ಮುಚ್ಚಿ ಅಳೆಯಿರಿ. ಕನ್ನಡಿಯ ಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ದಾರ ಅಂಟಿಸಿ, ಕಾಗದದ ವೃತ್ತದಲ್ಲೂ ಅದೇ ಎರಡು ಗೆರೆ ಎಳೆದುಕೊಳ್ಳಿ.

ಮೊದಲು ಬರೆಯಬೇಕಾದದ್ದು ಚಾವಣಿ, ಕಿಟಕಿ, ಆಮೇಲೆ ಕೈ, ಕೊನೆಗೆ ಮುಖ. ಮುಖದಿಂದ ಶುರುಮಾಡಿದರೆ ಅದನ್ನು ದೊಡ್ಡದಾಗಿ ಬರೆದುಬಿಡುತ್ತೀರಿ, ಕೈಗೆ ಜಾಗವೇ ಇರುವುದಿಲ್ಲ. ಗೋಡೆ ನೆಟ್ಟಗಿದೆ ಎಂದು ಮನಸ್ಸು ಹೇಳುತ್ತಲೇ ಇರುತ್ತದೆ; ಗೆರೆ ನೇರವಾಯಿತು ಎನಿಸಿದಾಗಲೆಲ್ಲ ದಾರಕ್ಕೆ ಹೋಲಿಸಿ ತಿದ್ದಿ.