ಪ್ರ: ಪಾಷಂಡಿ, ನಾಸ್ತಿಕ ಎರಡೂ ಒಂದೇನಾ? ‘ಪಾಷಂಡ’ ಬಂದದ್ದು ‘ಪಾಶ’ದಿಂದಲೇ?

‘ಪಾಶ’ಕ್ಕೂ ಇದಕ್ಕೂ ಸಂಬಂಧವಿಲ್ಲ. ಅಶೋಕನ ಪ್ರಾಕೃತದಲ್ಲಿ ‘ಪಾಸಂಡ’ ಬೈಗುಳವೇ ಅಲ್ಲ. ಪಂಥ, ಮತ ಎಂದಷ್ಟೇ ಅರ್ಥ. 12ನೇ ಬಂಡೆಶಾಸನ ಎಲ್ಲ ಪಾಸಂಡಗಳ ‘ಸಾರ’ ಬೆಳೆಯಲಿ, ಅದಕ್ಕೆ ಮೂಲ ಮಾತಿನ ಮೇಲಿನ ಹಿಡಿತ ಎನ್ನುತ್ತದೆ. ಅದರ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿತು, ಅದೂ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ!

ಅರ್ಥ ಕೆಟ್ಟದ್ದು ಆಮೇಲೆ. ಧರ್ಮಶಾಸ್ತ್ರ, ಪುರಾಣಗಳಲ್ಲಿ ಪಾಷಂಡಿ ಎಂದರೆ ವೇದದ ದಾರಿ ಬಿಟ್ಟವನು. ‘ಪಾ ಎಂದರೆ ವೇದಧರ್ಮ, ಅದನ್ನು ಖಂಡಿಸುವವನು ಪಾಖಂಡ’ ಎಂಬ ವಿವರಣೆ ಆಮೇಲೆ ಹೊಸೆದದ್ದು, ನಂಬಬೇಡಿ. ಸಭೆ ಎಂಬರ್ಥದ ‘ಪರ್ಷದ್’ ಮೂಲವಿರಬಹುದೆಂಬ ಊಹೆ ಇದಕ್ಕಿಂತ ವಾಸಿ, ಆದರೂ ಊಹೆಯೇ. ಉತ್ತರ ಭಾರತದಲ್ಲಿ ‘ಷ’ವನ್ನು ‘ಖ’ ಎಂದು ಉಚ್ಚರಿಸುವ ರೂಢಿಯಿಂದ ‘ಪಾಖಂಡ’ ಆಯಿತು. ಹಿಂದಿಯಲ್ಲಿ ಈಗ ಅದಕ್ಕೆ ಢೋಂಗಿತನ ಎಂಬರ್ಥ. ಹಳೆಯ ಪಠ್ಯ ಓದುವಾಗ ಎಡವುವುದು ಇಲ್ಲೇ.

‘ನಾಸ್ತಿಕ’ ಬೇರೆಯೇ ದಾರಿಯ ಪದ. ಪಾಣಿನಿಯ ‘ಅಸ್ತಿ ನಾಸ್ತಿ ದಿಷ್ಟಂ ಮತಿಃ’ (4.4.60) ಪ್ರಕಾರ ‘ಇಲ್ಲ’ ಎಂಬ ಮತಿಯುಳ್ಳವನು. ಏನಿಲ್ಲ? ವ್ಯಾಖ್ಯಾನಕಾರರ ಉತ್ತರ ‘ಪರಲೋಕ’, ದೇವರಲ್ಲ. ಮನುಸ್ಮೃತಿ (2.11) ಮಾತ್ರ ವೇದನಿಂದಕನೇ ನಾಸ್ತಿಕ ಎಂದಿತು. ಹಾಗಾಗಿ ಪುನರ್ಜನ್ಮ ಒಪ್ಪುವ ಜೈನರು ಮೊದಲ ಅಳತೆಯಲ್ಲಿ ಆಸ್ತಿಕರು, ಎರಡನೆಯದರಲ್ಲಿ ನಾಸ್ತಿಕರು. ಸೃಷ್ಟಿಕರ್ತ ಈಶ್ವರನನ್ನು ಒಪ್ಪದ ಮೀಮಾಂಸಕರು (ವೇದದ ಯಜ್ಞಕರ್ಮಗಳನ್ನು ವಿಚಾರಿಸುವ ದರ್ಶನದವರು) ವೇದ ಒಪ್ಪಿದ್ದರಿಂದ ಆಸ್ತಿಕರಾಗಿಯೇ ಉಳಿದರು. ‘ದೇವರಿಲ್ಲ ಎನ್ನುವವನು’ ಎಂಬ ಇಂದಿನ ಬಳಕೆಯ ಅರ್ಥವನ್ನು ಹಳೆಯ ಗ್ರಂಥಕ್ಕೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ.